ಪಂಪ್‌ಸೆಟ್ಟಿಗೊಂದು ಸರಳ ಟೈಮರ್: ನೀವೇ ರೂಪಿಸಿ ನೋಡಿ

ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ, ಹಲವೆಡೆ ರಾತ್ರಿಯ ಹೊತ್ತು ಬರುವುದು ನಿಮಗೆ ತಿಳಿದೇ ಇದೆ. ಕತ್ತಲಲ್ಲಿ ತೋಟಕ್ಕೆ ಹೋಗಿ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದು ಪ್ರಾಣಕ್ಕೆ ಅಪಾಯ. ಆಟೋ ಸ್ಟಾರ್ಟರ್ ಹಾಕಿಬಿಟ್ಟರೆ ವಿದ್ಯುತ್ತು ಇರುವಷ್ಟು ಹೊತ್ತೂ ನೀರು ಹರಿಯುತ್ತದೆ. ಕೊಳವೆ ಬಾವಿ ಸೊರಗುತ್ತದೆ, ಹಾಕಿದ ಸಾರಜನಕ ಬೇರಿಗೆ ಸಿಗದಂತೆ ಕೆಳಗೆ ಬಸಿದುಹೋಗುತ್ತದೆ. ಬೇಕಾದಷ್ಟೇ ಹೊತ್ತು ಪಂಪು ನಡೆಸುವ ಟೈಮರನ್ನು ಹೊಸದಾಗಿ ಎಲೆಕ್ಟ್ರಾನಿಕ್ಸ್ ಕಲಿಯುವವರೂ ರೂಪಿಸಬಹುದು.

ಮೊದಲು ನೀರಿನ ಲೆಕ್ಕ

ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16 ರಿಂದ 20 ಲೀಟರ್ ನೀರು ಸಾಕು. ಗಂಟೆಗೆ 4 ಲೀಟರ್ ಕೊಡುವ ಎರಡು ಡ್ರಿಪ್ಪರ್‌ಗಳಿದ್ದರೆ 16 ಲೀಟರಿಗೆ 2 ಗಂಟೆ, ಎಂದರೆ 120 ನಿಮಿಷ. ಟೈಮರಿಗೆ ಕೊಡಬೇಕಾದುದು ಈ ಸಂಖ್ಯೆಯನ್ನೇ.

ಬೇಕಾಗುವ ಸಾಮಗ್ರಿ

ಎಟಿಮೆಗಾ 328ಪಿ ಚಿಪ್ಪಿನ ಆರ್ಡುಯಿನೊ ಊನೊ ಬೋರ್ಡು, 5 ವೋಲ್ಟಿನ ರಿಲೇ, ಒಂದು ಒತ್ತುಗುಂಡಿ, ಮೊಬೈಲ್ ಚಾರ್ಜರ್. ಎರಡು ಗಂಟೆಯ ಎಣಿಕೆಯಲ್ಲಿ ಈ ಬೋರ್ಡು ಒಂದು ನಿಮಿಷದಷ್ಟೂ ತಪ್ಪುವುದಿಲ್ಲವಾದ್ದರಿಂದ ಬೇರೆ ಗಡಿಯಾರ ಬೇಡ.

ಕೆಲಸ ಮಾಡುವ ಬಗೆ

1. ಗುಂಡಿ ಒತ್ತಿದರೆ "ಉಳಿದ ನಿಮಿಷ" 120 ಆಗಬೇಕು.
2. ವಿದ್ಯುತ್ತು ಬಂದ ಮೇಲೆ 2 ನಿಮಿಷ ಕಾದು ರಿಲೇ ಕೂಡಿಕೊಳ್ಳಬೇಕು.
3. ಪಂಪು ನಿಜವಾಗಿ ನಡೆಯುವಾಗ ಮಾತ್ರ ಎಣಿಕೆ ಇಳಿಯಬೇಕು.
4. ಸೊನ್ನೆಯಾದಾಗ ರಿಲೇ ಬಿಟ್ಟುಕೊಳ್ಳಬೇಕು. ಮತ್ತೆ ಗುಂಡಿ ಒತ್ತುವವರೆಗೆ ಪಂಪು ಏಳಬಾರದು.

ಮೂರನೆಯ ಅಂಶ ಮುಖ್ಯ. ಒಂದೇ ಫೇಸ್ ಇದ್ದಾಗಲೂ ಚಾರ್ಜರ್ ನಡೆಯಬಹುದು, ಪಂಪು ನಡೆಯದು. ಆಗ ಎಣಿಕೆ ಮುಗಿದು ಗಿಡ ಒಣಗಿಯೇ ಉಳಿಯುತ್ತದೆ. ಆದ್ದರಿಂದ ಕಾಂಟ್ಯಾಕ್ಟರಿನಲ್ಲಿರುವ, ವಿದ್ಯುತ್ತು ಹರಿಯದ ಸಹಾಯಕ ಸಂಪರ್ಕವನ್ನು ಬೋರ್ಡಿಗೆ ಜೋಡಿಸಿ, ಅದು ಮುಚ್ಚಿರುವಾಗ ಮಾತ್ರ ಎಣಿಸುವಂತೆ ಪ್ರೋಗ್ರಾಮ್ ಬರೆಯಿರಿ.

ಮರೆಯದ ನೆನಪು

ನಡುವೆ ವಿದ್ಯುತ್ತು ಹೋದರೂ ಉಳಿದ ನಿಮಿಷ ನೆನಪಿರಬೇಕಷ್ಟೆ? ಅದಕ್ಕೆ ಚಿಪ್ಪಿನೊಳಗೇ ಇಇಪ್ರಾಮ್ ಎಂಬ ಸ್ಮರಣಕೋಶವಿದೆ. ಒಂದೊಂದು ಕೋಶದ ಬಾಳಿಕೆ ಸುಮಾರು 1 ಲಕ್ಷ ಬರವಣಿಗೆ. ಪ್ರತಿ ಸೆಕೆಂಡು ಬರೆದರೆ 28 ಗಂಟೆಯಲ್ಲಿ ಅಷ್ಟೂ ತೀರುತ್ತದೆ. 5 ನಿಮಿಷಕ್ಕೊಮ್ಮೆ ಬರೆದರೆ 2 ಗಂಟೆಯ ನೀರಾವರಿಗೆ 24 ಸಲವಷ್ಟೇ. ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ವಿದ್ಯುತ್ತು ಹೋದಾಗಲೊಮ್ಮೆ ಹೆಚ್ಚೆಂದರೆ 5 ನಿಮಿಷ ನೀರು ಹೆಚ್ಚಾದೀತು.

ಎಚ್ಚರಿಕೆ

ಮೊದಲು ಮೇಜಿನ ಮೇಲೆ, ಪಂಪಿನ ಬದಲು ಸಣ್ಣ ಎಲ್‌.ಇ.ಡಿ. ದೀಪ ಹಚ್ಚಿ, 120 ನಿಮಿಷದ ಬದಲು 2 ನಿಮಿಷ ಇಟ್ಟು ಪರೀಕ್ಷಿಸಿ. ನಡುವೆ ವಿದ್ಯುತ್ತು ತೆಗೆದು ಹಾಕಿಯೂ ನೋಡಿ. ಕೆಲವು ರಿಲೇಗಳು ಆದೇಶ ಸೊನ್ನೆಯಿದ್ದಾಗ ಕೂಡಿಕೊಳ್ಳುತ್ತವೆ. ಇದನ್ನು ಮೇಜಿನ ಮೇಲೇ ಕಂಡುಕೊಳ್ಳುವುದು ಒಳಿತು.

ಮೋಟಾರನ್ನು ಎಂದಿಗೂ ಈ ರಿಲೇಗೆ ನೇರವಾಗಿ ಜೋಡಿಸಬಾರದು. ಸಾಮಾನ್ಯ ರಿಲೇಯ ಮಿತಿ 250 ವೋಲ್ಟ್. ಎಷ್ಟೋ ಸ್ಟಾರ್ಟರುಗಳ ಕಾಯಿಲ್ 415 ವೋಲ್ಟಿನದು. ನಡುವೆ 230 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ ಬೇಕು. ಈ ಜೋಡಣೆಯನ್ನು ನುರಿತ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ತಡೆ, ನೀರಿಲ್ಲದೆ ಓಡುವುದನ್ನು ತಡೆಯುವ ಸಾಧನ ಇವುಗಳನ್ನು ತೆಗೆಯಬೇಡಿ. ಟೈಮರ್ ಹೊತ್ತನ್ನಷ್ಟೇ ಬಲ್ಲದು.

ಬೋರ್ಡನ್ನು ಇರುವೆ, ತೇವ ಹೋಗದ ಡಬ್ಬಿಯಲ್ಲಿಟ್ಟು, ಮೊದಲ ವಾರ ಹಗಲಿನ ಪಾಳಿಯಲ್ಲಿ ಎದುರಿಗೇ ನಿಂತು ಗಮನಿಸಿ. ನಂಬಿಕೆ ಬಂದ ಮೇಲೆ ರಾತ್ರಿಯ ಪಾಳಿಯನ್ನು ಅದಕ್ಕೆ ಒಪ್ಪಿಸಬಹುದು.