ಅಂಗಡಿಗೆ ಆಳು ಬೇಕೇ? ಕೀಲಿಕೈ ಕೊಡುವ ಮುನ್ನ ನಾಲ್ಕು ಕಡೆ ವಿಚಾರಿಸಿ

ನ್ಯಾಮತಿ: ಅಂಗಡಿಗೆ ಒಬ್ಬ ಹುಡುಗ ಬೇಕು ಅಂದರೆ ಇಲ್ಲಿ ನಡೆಯೋದು ಇಷ್ಟೇ. ಪರಿಚಯದವರು ಯಾರೋ ಕರೆತರುತ್ತಾರೆ. ಯಾವೂರು, ಯಾರ ಮಗ ಅಂತ ಮಾಲೀಕರು ಕೇಳುತ್ತಾರೆ, ಸಂಬಳ ಮಾತಾಗುತ್ತದೆ. ಮಾರನೇ ದಿನ ಹುಡುಗ ಗಲ್ಲಾಪೆಟ್ಟಿಗೆ ಪಕ್ಕ ನಿಂತಿರುತ್ತಾನೆ. ಎರಡು ತಿಂಗಳಾದರೆ ಶಟರ್ ಕೀಲಿಯೂ ಅವನ ಕೈಯಲ್ಲೇ.

ಪಟ್ಟಣದ ಎಸ್‌ಬಿಐ ಶಾಖೆಯ ಕಳವು ಯಾರಿಗೂ ಮರೆತಿಲ್ಲ. 2024ರ ಅಕ್ಟೋಬರ್ 28ರ ಸೋಮವಾರ ಬ್ಯಾಂಕ್ ಬಾಗಿಲು ತೆರೆದಾಗ ಸುಮಾರು 17.7 ಕೆ.ಜಿ. ಅಡವಿಟ್ಟ ಚಿನ್ನ ಇರಲಿಲ್ಲ. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದಿದ್ದರು, ಕ್ಯಾಮೆರಾದ ಡಿವಿಆರ್ ಕೂಡ ಹೊತ್ತೊಯ್ದಿದ್ದರು. ಹೊರರಾಜ್ಯದ ಗ್ಯಾಂಗ್ ಇರಬೇಕು ಅಂತಲೇ ಎಲ್ಲರೂ ಮಾತಾಡಿಕೊಂಡರು. 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಜನರ ಬಂಧನ ತಿಳಿಸಿದಾಗ ಊರೇ ಬೆಚ್ಚಿತು. ಪೊಲೀಸರ ಪ್ರಕಾರ ಮುಖ್ಯ ಆರೋಪಿ ಇದೇ ನ್ಯಾಮತಿಯಲ್ಲಿ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದವನು. ಮೂಲ ತಮಿಳುನಾಡಾದರೂ ಊರಿನವರಿಗೆ ದಿನಾ ನೋಡಿದ ಮುಖ. ಬಂಧಿತರಲ್ಲಿ ಸ್ಥಳೀಯ ಯುವಕರೂ ಇದ್ದರು. ಬಹುಪಾಲು ಚಿನ್ನ ಸಿಕ್ಕಿದ್ದು ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ.

ಇವರ್ಯಾರೂ ಬ್ಯಾಂಕಿನ ನೌಕರರಲ್ಲ, ನಿಜ. ಆದರೂ ಅಂಗಡಿ ಮಾಲೀಕರಿಗೆ ಇದರಲ್ಲಿ ಒಂದು ವಿಷಯ ಇದೆ. ಹೊರಗಿನವರನ್ನು ಮಾತ್ರ ಅನುಮಾನದಿಂದ ನೋಡಿ, ಪರಿಚಯದ ಮುಖ ಅಂದ ಕೂಡಲೇ ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಳ್ಳುವ ರೂಢಿ ಸರಿಯಲ್ಲ. ಬಿಹಾರದ ಹುಡುಗನಿಗೆ ಆಧಾರ್ ಕೇಳುವವರು ಪಕ್ಕದ ಬೀದಿಯವನಿಗೂ ಕೇಳಬೇಕು. ಎಲ್ಲರಿಗೂ ಒಂದೇ ನಿಯಮ ಅಂದರೆ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ವಿಚಾರಿಸೋದು ಹೇಗೆ? ಆಧಾರ್ ಜೆರಾಕ್ಸ್ ಇಟ್ಟುಕೊಂಡರೆ ಸಾಲದು. ಜೆರಾಕ್ಸಿನಲ್ಲಿ ಫೋಟೊ, ಹೆಸರು ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಪೊಲೀಸ್ ಪರಿಶೀಲನಾ ಪತ್ರ ಬೇಕಿದ್ದರೆ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ಮನೆಗೆಲಸದವರು, ಆರೈಕೆ ಮಾಡುವವರು, ಕಂಪನಿ ನೌಕರರ ಪರಿಶೀಲನೆಗೂ ಅಲ್ಲಿ ವ್ಯವಸ್ಥೆ ಇದೆ. ಆದರೆ ಪೊಲೀಸ್ ದಾಖಲೆಯಲ್ಲಿ ಕಾಣೋದು ಹಿಂದೆ ಕೇಸ್ ಆಗಿದ್ದರೆ ಮಾತ್ರ. ಕಳೆದ ಅಂಗಡಿಯಲ್ಲಿ ಲೆಕ್ಕ ತಪ್ಪಿಸಿ, ಮಾಲೀಕರು 'ಹೋಗಲಿ ಬಿಡು' ಅಂತ ಸುಮ್ಮನೆ ಕಳಿಸಿದ್ದರೆ ಅದು ಎಲ್ಲಿಯೂ ದಾಖಲಾಗಿರುವುದಿಲ್ಲ. ಹಾಗಾಗಿ ಹಳೇ ಮಾಲೀಕರಿಗೆ ಒಂದು ಫೋನ್ ಮಾಡಿ. ಯಾಕೆ ಬಿಟ್ಟ, ಮತ್ತೆ ಬಂದರೆ ಸೇರಿಸಿಕೊಳ್ಳುತ್ತೀರಾ? ಈ ಎರಡು ಪ್ರಶ್ನೆ ಸಾಕು. ಅಭ್ಯರ್ಥಿ ಕೊಟ್ಟ ನಂಬರಿಗಷ್ಟೇ ಮಾಡಬೇಡಿ, ಅಂಗಡಿಯ ನಂಬರ್ ನೀವೇ ಹುಡುಕಿ ಮಾಡಿ.

ಡ್ರೈವರ್ ವಿಷಯದಲ್ಲಂತೂ ಉದಾಸೀನ ಬಹಳ ದುಬಾರಿ. ಅಡಿಕೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಸಿಕ್ಕಿದವರನ್ನು ಗಾಡಿಗೆ ಹತ್ತಿಸುವುದುಂಟು. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆ ಪ್ರಕಾರ ಮಾಲೀಕನಿಗೇ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಅದಕ್ಕಿಂತ ದೊಡ್ಡ ಹೊಡೆತ ಅಪಘಾತವಾದಾಗ. ವಿಮಾ ಕಂಪನಿ ಗಾಯಾಳುಗಳಿಗೆ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡಬಹುದು. ಲಕ್ಷಗಟ್ಟಲೆ ಬರುತ್ತದೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಡ್ರೈವರ್ ಲೈಸೆನ್ಸ್ ಸರಿಯಿರಲಿಲ್ಲ ಅಂದರಷ್ಟೇ ಸಾಲದು, ಮಾಲೀಕ ತಕ್ಕ ಎಚ್ಚರ ವಹಿಸಲಿಲ್ಲ ಎಂಬುದನ್ನು ವಿಮಾ ಕಂಪನಿ ತೋರಿಸಬೇಕು. ಅಂದರೆ ಲೈಸೆನ್ಸ್ ಪರಿಶೀಲಿಸಿದ್ದಕ್ಕೆ ದಾಖಲೆ ಇಟ್ಟ ಮಾಲೀಕನಿಗೆ ರಕ್ಷಣೆ ಇದೆ. ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ನಂಬರ್, ಹುಟ್ಟಿದ ದಿನಾಂಕ ಹಾಕಿದರೆ ಯಾವ ಗಾಡಿಗೆ, ಎಲ್ಲಿಯವರೆಗೆ ಅನ್ನೋದು ಕಾಣುತ್ತದೆ. ಆ ಪುಟದ ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ವಯಸ್ಸೂ ನೋಡಲೇಬೇಕು. 14 ವರ್ಷದೊಳಗಿನ ಮಗುವನ್ನು ದುಡಿಸಿಕೊಂಡರೆ 20,000ದಿಂದ 50,000 ರೂಪಾಯಿ ದಂಡ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. 'ರಜೆಗೆ ಬಂದಿದ್ದಾನೆ, ಸುಮ್ಮನೆ ಕೂತಿದ್ದಾನೆ' ಅನ್ನೋ ಮಾತು ಅಧಿಕಾರಿಗಳ ಮುಂದೆ ನಡೆಯುವುದಿಲ್ಲ.

ಹಾಗಂತ ವಿಚಾರಣೆ ಅಂದರೆ ಕೂಲಿಗೆ ಬಂದವರ ಜನ್ಮ ಜಾಲಾಡುವುದಲ್ಲ. ಜಾತಿ, ಮನೆ ಜಗಳ, ಮದುವೆ ವಿಷಯ ಮಾಲೀಕರಿಗೆ ಬೇಡದ ಮಾತು. ಹೇಳಿಯೇ ವಿಚಾರಿಸಬೇಕು, ಒಪ್ಪಿಗೆ ಬರೆಸಿಕೊಳ್ಳಬೇಕು. ಕೇಸ್ ಇದೆ ಅಂದ ಮಾತ್ರಕ್ಕೆ ತಪ್ಪಿತಸ್ಥ ಅಂತಲ್ಲ. ಜಮೀನಿನ ತಕರಾರಿನಲ್ಲಿ ಹೆಸರು ಸೇರಿರಬಹುದು, ಅದೇ ಹೆಸರಿನ ಬೇರೆಯವರೂ ಇರಬಹುದು. ಅವನನ್ನೇ ಕರೆದು ಕೇಳಿ. ಕೆಲವು ಕಡೆ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಳ್ಳುವುದುಂಟು. ಬಿಟ್ಟು ಹೋಗದಂತೆ ಕಟ್ಟಿಹಾಕುವ ಆ ಪದ್ಧತಿ ಬೇಡವೇ ಬೇಡ, ನೋಡಿ ವಾಪಸ್ ಕೊಡಿ.

ಸೇರಿಸಿಕೊಂಡ ಮೇಲೆ ನೇಮಕಾತಿ ಆದೇಶ ಬರೆದು ಕೊಡಿ. ಕೆಲಸ ಏನು, ಸಂಬಳ ಎಷ್ಟು, ಕೀಲಿ ಯಾರ ಬಳಿ, ದಿನದ ಕ್ಯಾಶ್ ಯಾರಿಗೆ ಒಪ್ಪಿಸಬೇಕು ಎಲ್ಲ ಅದರಲ್ಲಿರಲಿ. ನೌಕರನೇ ಮಾಲೀಕನ ಸ್ವತ್ತು ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 306ನೇ ಸೆಕ್ಷನ್‌ನಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಠಾಣೆಗೆ ಹೋದಾಗ ಮೊದಲು ಕೇಳೋದೇ ಪೂರ್ತಿ ಹೆಸರು, ವಿಳಾಸ. 'ರಾಜು ಅಂತಿದ್ರು ಸಾರ್, ಹಾವೇರಿ ಕಡೆಯವನು' ಅಂದರೆ ಹುಡುಕೋದು ಎಲ್ಲಿಂದ?