ಪದ ಉಳಿಯಿತು, ಧಾಟಿಗೆ ದಿಕ್ಕಾರು?

ಕಳೆದ ದ್ರಾಕ್ಷಿ ಸುಗ್ಗಿಯಲ್ಲಿ ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೊರಟಿದ್ದೆ. ಮುಂದೊಂದು ಟ್ರ್ಯಾಕ್ಟರ್ ಧ್ವನಿವರ್ಧಕದಲ್ಲಿ ಹಾಡು ಹಚ್ಚಿಕೊಂಡು ಸಾಗುತ್ತಿತ್ತು. ಗಂಡನ ಮೊಬೈಲ್ ಹುಚ್ಚನ್ನು ಹೆಂಡತಿ ಗೇಲಿ ಮಾಡುವ ಹಾಡು. ಜೊತೆಗಿದ್ದ ನಿವೃತ್ತ ಅಧ್ಯಾಪಕ ಮಿತ್ರರು ‘ಜಾನಪದದ ಹೆಸರಿಲೆ ಏನೇನ್ ಬಂತು ನೋಡ್ರಿ’ ಎಂದು ಮುಖ ಸಿಂಡರಿಸಿದರು. ನನ್ನ ಕಿವಿಗೆ ಬಿದ್ದದ್ದು ಮಾತಲ್ಲ, ಧಾಟಿ. ಬಬಲೇಶ್ವರದ ನನ್ನ ಸೋದರತ್ತೆ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಧಾಟಿಯೇ ಅದು.

ನಮ್ಮ ಸೀಮೆಯಲ್ಲಿ ಧಾಟಿಗೆ ಮಡಿ-ಮೈಲಿಗೆ ಇಲ್ಲ. ಭಜನೆಯ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಎಂದು ಬೇರೊಂದು ಹಾಡಿನ ಹೆಸರು ಅಚ್ಚಾಗಿರುವುದನ್ನು ಓದುಗರು ಕಂಡಿರಬಹುದು. ದೇವರ ಪದ ನಾಟಕದ ಮಟ್ಟನ್ನು ಎರವಲು ಪಡೆಯುತ್ತದೆ. ನಾಟಕ ಲಾವಣಿಯಿಂದ ಪಡೆಯುತ್ತದೆ. ದಪ್ಪು, ತುಂತುಣಿ, ತಾಳಗಳೊಡನೆ ರಾತ್ರಿಯಿಡೀ ನಡೆಯುವ ಗೀಗೀ ಪದಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ವಾದಿಸುತ್ತಾರೆ. ಆ ವಾದದಲ್ಲಿ ಪುರಾಣವೂ ಉಂಟು, ಎದುರಾಳಿಯನ್ನು ಚುಚ್ಚುವ ಚೇಷ್ಟೆಯೂ ಉಂಟು. ಗೇಲಿ ಎಂಬುದು ಪರಂಪರೆಗೆ ನಿನ್ನೆ ಅಂಟಿದ ರೋಗವಲ್ಲ.

ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಕನ್ನಡಕ್ಕೆ ಮಹದುಪಕಾರ ಮಾಡಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಕಲೆಹಾಕಿದ ತ್ರಿಪದಿಗಳು ಇಂದಿಗೂ ನಮ್ಮ ಕೈಯಲ್ಲಿವೆ. ಆದರೆ ಅಚ್ಚಿನ ಮೊಳೆಗೆ ಸಿಕ್ಕದ್ದು ಪದ ಮಾತ್ರ; ಹಾಡಿದವಳ ದನಿ, ಅವಳ ಎಳೆತ, ಉಸಿರು ಪುಟದಿಂದಾಚೆಯೇ ಉಳಿದವು.

ದನಿಯನ್ನು ಹಿಡಿಯುವ ಯಂತ್ರ ಆಗಲೇ ಇತ್ತು. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ. ಅವಿಭಜಿತ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ಕಂಠ ಇಂದಿಗೂ ನಮಗೆ ದಕ್ಕುತ್ತದೆ. ತಟ್ಟೆಯ ಮೇಲೆ ಹೆಸರು ಅಚ್ಚಾಗಿತ್ತು, ಸಂಗ್ರಾಹಕರು ಕಾಪಿಟ್ಟರು. ಆದರೆ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ನುಡಿಯುವ ಆ ತಟ್ಟೆಯಲ್ಲಿ ಬೆಳಗಿನವರೆಗಿನ ಗೀಗೀ ಮೇಳಕ್ಕೆ ಜಾಗವೆಲ್ಲಿ?

ಆ ಜಾಗ ಕೊಟ್ಟದ್ದು ಕ್ಯಾಸೆಟ್. ಒಂದೊಂದು ಮಗ್ಗುಲಿಗೆ ಅರ್ಧ ಗಂಟೆ, ಅಗ್ಗದ ಬೆಲೆ. ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ, ಭಜನೆ ಎಲ್ಲವೂ ಜಾತ್ರೆಯ ಅಂಗಡಿಗೆ ಬಂದವು. ಅವುಗಳ ಪಕ್ಕದಲ್ಲೇ ನಗೆಯ ಕ್ಯಾಸೆಟ್ಟುಗಳೂ ಇದ್ದವು. ಈ ಜಿಲ್ಲೆಯವರೇ ಆದ, 2025ರ ಅಕ್ಟೋಬರಿನಲ್ಲಿ ನಿಧನರಾದ ರಾಜು ತಾಳಿಕೋಟೆಯವರ ‘ಕಲಿಯುಗದ ಕುಡುಕ’ವನ್ನು ಕೇಳದ ಚಹಾದಂಗಡಿ ಉತ್ತರ ಕರ್ನಾಟಕದಲ್ಲಿ ವಿರಳವಾಗಿತ್ತು.

ನಗೆ ಧಾಟಿಯನ್ನು ಕೊಲ್ಲುತ್ತದೆಯೇ? ದೂರದ ಒಂದು ನಿದರ್ಶನ ನೋಡೋಣ. ನಮ್ಮ ಹಾರ್ಮೋನಿಯಂ, ಪಾಶ್ಚಾತ್ಯರ ಅಕಾರ್ಡಿಯನ್ ಎರಡೂ ಗಾಳಿಗೆ ಕಂಪಿಸುವ ಲೋಹದ ನಾಲಗೆಯಿಂದ ಸ್ವರ ಹೊರಡಿಸುವ ದಾಯಾದಿಗಳು. ಆ ಅಕಾರ್ಡಿಯನ್ನಿನ ಬೆನ್ನೇರಿ ಹಬ್ಬಿದ್ದು, 1830ರ ದಶಕದಲ್ಲಿ ಬೊಹೀಮಿಯಾದಲ್ಲಿ ಹುಟ್ಟಿದ ‘ಪೋಲ್ಕಾ’ ಕುಣಿತದ ಸಂಗೀತ. ವಲಸಿಗರು ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿಯ ಗ್ರ್ಯಾಮಿ ಸಂಸ್ಥೆ 1986ರಿಂದ ಅದಕ್ಕೆ ಪ್ರತ್ಯೇಕ ಪ್ರಶಸ್ತಿ ಕೊಟ್ಟಿತು, 2009ರಲ್ಲಿ ಕೈಬಿಟ್ಟಿತು. ಆದರೆ ಜನಪ್ರಿಯ ಗೀತೆಗಳನ್ನೆಲ್ಲ ಪೋಲ್ಕಾ ಲಯಕ್ಕೆ ಕುಣಿಸಿ ನಗಿಸುವ ‘ವಿಯರ್ಡ್ ಆಲ್’ ಯಾಂಕೊವಿಕ್ ಎಂಬ ಅಣಕು ಗಾಯಕನಿಂದಾಗಿ, ಪೋಲ್ಕಾ ಎಂದರೇನೆಂದು ಅರಿಯದ ಹುಡುಗರ ಕಿವಿಗೂ ಆ ಲಯ ಮುಟ್ಟಿತು. ಪ್ರಶಸ್ತಿ ಕೈಬಿಟ್ಟದ್ದನ್ನು ಅಣಕು ಕೈಹಿಡಿಯಿತು.

ಆದ್ದರಿಂದ ನನ್ನ ಚಿಂತೆ ಟ್ರ್ಯಾಕ್ಟರಿನ ಹಾಡಿನದಲ್ಲ, ಅಟ್ಟದ ಮೇಲಿನ ಪೆಟ್ಟಿಗೆಯದು. ಸಿದ್ಧೇಶ್ವರ ಜಾತ್ರೆಯಲ್ಲಿ ವರ್ಷವರ್ಷವೂ ಕೊಂಡ ಕ್ಯಾಸೆಟ್ಟುಗಳನ್ನು ಮೊನ್ನೆ ಕೆಳಗಿಳಿಸಿದೆ. ಕೆಲವಕ್ಕೆ ಬೂಸಲು ಹಿಡಿದಿತ್ತು. ಕೆಲವು ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಲವುಗಳ ಹೊದಿಕೆಯ ಮೇಲೆ ‘ಜಾನಪದ ಗೀತೆಗಳು’ ಎಂದಿದೆಯೇ ಹೊರತು ಹಾಡಿದವರ ಹೆಸರಿಲ್ಲ, ಊರಿಲ್ಲ. ಇಂಥ ಪೆಟ್ಟಿಗೆ ನನ್ನ ಮನೆಯಲ್ಲೊಂದೇ ಇರಲಾರದು.

ಹಲಸಂಗಿಯ ಗೆಳೆಯರು ಪದಕ್ಕಾಗಿ ಮಾಡಿದ್ದನ್ನು ದನಿಗಾಗಿ ಯಾರಾದರೂ ಮಾಡಬೇಕು. ನಗರದ ಹೊರವಲಯದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ; ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಒಂದೊಂದು ತಾಲ್ಲೂಕಿಗೆ ಇಬ್ಬರು ವಿದ್ಯಾರ್ಥಿಗಳು ಮನೆಮನೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ದನಿಯ ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಹಾಡಿದವರ ಹೆಸರು, ಊರು, ಧಾಟಿ ಬರೆದಿಡಲಿ. ಹಾಗೆ ಮಾಡುವಾಗ ಇದು ಶಿಷ್ಟ, ಇದು ಪೋಲಿ ಎಂದು ಜರಡಿ ಹಿಡಿಯುವುದು ಬೇಡ.

ಬಬಲೇಶ್ವರದ ಆ ಮನೆಯಲ್ಲಿ ಬೀಸುವ ಕಲ್ಲು ಈಗ ಅಂಗಳದ ಮೂಲೆ ಸೇರಿದೆ. ಸೋದರತ್ತೆಯ ದನಿ ಯಾವ ಸುರುಳಿಯಲ್ಲೂ ಇಲ್ಲ. ಅವಳ ಧಾಟಿಯನ್ನು ನನಗೆ ಮರಳಿ ಕೊಟ್ಟದ್ದು, ನನ್ನ ಮಿತ್ರರು ಮುಖ ಸಿಂಡರಿಸಿದ ಆ ಗೇಲಿಯ ಹಾಡು.