ಹೊರಗಿನವ ಅಂದ್ರ ಯಾರ್ರೀ?

ಮಹಾಂತೇಶ ನಗರದ ಯಾವ ಚಹಾದಂಗಡಿ ಮುಂದೆ ನಿಂತರೂ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, ಎಲ್ಲಾ ತುಟ್ಟಿ ಆತು. ಎರಡು, ಹೊರಗಿನವರು ಭಾಳ ಆದರು. ಗೌಂಡಿ ಕೆಲಸಕ್ಕೆ, ಬಣ್ಣ ಬಳಿಯಲಿಕ್ಕೆ ಬಿಹಾರ, ಉತ್ತರ ಪ್ರದೇಶದವರು. ಮೊಬೈಲ್, ಹಾರ್ಡ್‌ವೇರ್ ಅಂಗಡಿಗೆ ರಾಜಸ್ಥಾನದವರು. "ಮತ್ತ ನಮ್ಮ ಹುಡುಗೂರು ಎಲ್ಲಿ ಹೋಗಬೇಕ್ರೀ?"

ಎಲ್ಲಿ ಹೋಗುತ್ತಾರೆಂಬುದನ್ನು ಬಸ್ ಕಂಡಕ್ಟರನ್ನು ಕೇಳಿರಿ. ಗೋವಾಕ್ಕೆ! ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ ಇಳಿದರೆ ಗೋವಾ. ಕಟ್ಟಡದ ಕೆಲಸ, ಹೋಟೆಲಿನ ಕೆಲಸ, ಹೆಣ್ಣುಮಕ್ಕಳಿಗೆ ಮನೆಗೆಲಸ. ಅಲ್ಲಿ ಇವರಿಗೊಂದು ಹೆಸರಿದೆ, 'ಘಾಂಟಿ'. ಘಟ್ಟದ ಮೇಲಿನವ ಎಂದಷ್ಟೇ ಅರ್ಥ. ಆದರೆ ಅನ್ನುವ ಧಾಟಿ ಬೈಗುಳದ್ದು. 2004ರಲ್ಲಿ ವಾಸ್ಕೋದ ಬೈನಾ ಕಡಲದಂಡೆಯ ಮನೆಗಳನ್ನು ಗೋವಾ ಸರ್ಕಾರ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರೇ ಬಹಳ. 2022ರ ಚುನಾವಣೆಯಲ್ಲಿ 'ಮೂಲ ಗೋವೆಯವರಿಗೇ ಮೊದಲು' ಎಂದ ರೆವಲ್ಯೂಷನರಿ ಗೋವನ್ಸ್ ಪಕ್ಷ ಅಲ್ಲಿ ಒಂದು ಸ್ಥಾನವನ್ನೂ ಗೆದ್ದಿತು. ಅವರ ದೂರೂ ಇದೇ: ಹೊರಗಿನವರು ಬಂದು ಕೆಲಸ ಹೋಯಿತು. ಅಣ್ಣ ಇಲ್ಲಿ ದೂರುತ್ತಾನೆ, ತಮ್ಮ ಅಲ್ಲಿ ಬೈಸಿಕೊಳ್ಳುತ್ತಾನೆ. ದೇಶದ ಯಾವ ಮೂಲೆಗಾದರೂ ಹೋಗಿ ಇರಬಹುದು, ದುಡಿಯಬಹುದು ಎಂದು ಸಂವಿಧಾನದ 19ನೇ ವಿಧಿ ಹೇಳುವುದು ಬಿಹಾರದವನಿಗೂ ಅಷ್ಟೇ, ಖಾನಾಪುರದವನಿಗೂ ಅಷ್ಟೇ.

ಹಾಗಂತ ಇಲ್ಲಿಯ ದೂರು ಪೂರಾ ಸುಳ್ಳಲ್ಲ. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಎಂಬ ಮಸೂದೆಗೆ 2024ರ ಜುಲೈಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದರು, ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ಆಶೆ ತೋರಿಸಿ ಕೈ ಎತ್ತುವುದು ಅಂದರೆ ಇದು. ನಮ್ಮ ಮಟ್ಟಿಗೆ, ಕೇಳಬೇಕಾದ್ದು ಗುತ್ತಿಗೆದಾರನನ್ನು. ದೂರದವನಾದರೆ ಕಟ್ಟಡದಲ್ಲೇ ಮಲಗುತ್ತಾನೆ, ಹಬ್ಬ-ಜಾತ್ರೆ ಅಂತ ರಜೆ ಹಾಕುವುದಿಲ್ಲ, ಕೂಲಿಗೆ ಜಗಳಕ್ಕೆ ನಿಂತರೆ ಅವನ ಪರ ಮಾತಾಡುವವರಿಲ್ಲ. ಇದೇ ಲೆಕ್ಕದ ಮೇಲೆ ಗೋವಾದವ ನಮ್ಮ ಹುಡುಗನನ್ನು ಇಟ್ಟುಕೊಳ್ಳುತ್ತಾನೆ. ಸಿಟ್ಟು ಮಾತ್ರ ಬುಟ್ಟಿ ಹೊತ್ತವನ ಮೇಲೆ!

ಇನ್ನು ನಮ್ಮೂರಿನ ಹಳೇ ರೋಗ. ಯಾವ ದೇಶದವರೆಂದು ಕೇಳಿದರೆ ಬೆಳಗಾವಿಯಲ್ಲಿ ಯಾರಿಗೂ ತಕರಾರಿಲ್ಲ. ಯಾವ ರಾಜ್ಯ ಅಂದ ಕೂಡಲೇ ದನಿ ಏರುತ್ತದೆ. 1967ರಲ್ಲಿ ಮಹಾಜನ ಆಯೋಗ ಬೆಳಗಾವಿ ಕರ್ನಾಟಕದ್ದೆಂದು ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದು ದೊಡ್ಡವರ ವ್ಯಾಜ್ಯ. ಪೆಟ್ಟು ಬೀಳುವುದು ಬಸ್ ಹತ್ತುವವರಿಗೆ, ಅಂಗಡಿಯವರಿಗೆ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಅತ್ತಲಿಂದ ಬಸ್ಸು ನಿಂತವು. 2025ರ ಫೆಬ್ರುವರಿಯಲ್ಲಿ ಬಾಳೇಕುಂದ್ರಿ ಹತ್ತಿರ ಟಿಕೆಟ್ಟಿನ ಮಾತು ಭಾಷೆಗೆ ತಿರುಗಿ ಕಂಡಕ್ಟರ್ ಮೇಲೆ ಹಲ್ಲೆ ಆಯಿತು. ಆಮೇಲೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೆ ಮಸಿ, ಮತ್ತೆ ಸಂಚಾರ ಬಂದ್. ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಬೇರೆ.

ಬಸ್ಸು ನಿಂತ ದಿನ ಖಡೇಬಜಾರಿನಲ್ಲಿ, ಗಣಪತಿ ಗಲ್ಲಿಯಲ್ಲಿ ಕೊಲ್ಲಾಪುರದ ಗಿರಾಕಿ ಇಲ್ಲ. ಸೀರೆ ಅಂಗಡಿಯವನಿಗೆ ಗಿರಾಕಿಯ ಭಾಷೆ ಎಂದೂ ಅಡ್ಡ ಬಂದದ್ದಿಲ್ಲ, "ಯಾ, ಬಸಾ" ಅಂದವನೇ ಮರುಕ್ಷಣ "ಬರ್ರಿ ಅಕ್ಕಾರ" ಅನ್ನುತ್ತಾನೆ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂಬ 2024ರ ಕಾನೂನು ಸರಿಯೇ, ಬರೆಸೋಣ. ಆದರೆ ಗಲಾಟೆಯ ದಿನ ಕಲ್ಲು ಬೋರ್ಡ್ ಓದಿ ಬೀಳುವುದಿಲ್ಲ.

ಎರಡೂ ಕಡೆಯ ಸಾರಿಗೆಯವರಲ್ಲಿ ಒಂದು ಬೇಡಿಕೆ. ಮುಂದಿನ ಸಲ ಬಸ್ಸು ನಿಲ್ಲಿಸುವಾಗ, ಎಲ್ಲಿಯವರೆಗೆ ಹೋಗುತ್ತದೆ, ಮುಂದೆ ಏನು ವ್ಯವಸ್ಥೆ, ಮೊದಲೇ ಟಿಕೆಟ್ ತೆಗೆಸಿದವರ ರೊಕ್ಕ ಯಾವಾಗ ವಾಪಸು ಎಂಬುದನ್ನು ನಿಲ್ದಾಣದ ಫಲಕದ ಮೇಲೆ ಬರೆದು ಹಾಕಿರಿ. ಕನ್ನಡದಲ್ಲೂ ಬರೆಯಿರಿ, ಮರಾಠಿಯಲ್ಲೂ ಬರೆಯಿರಿ. ಗಂಟುಮೂಟೆ, ಮಕ್ಕಳನ್ನು ಕಟ್ಟಿಕೊಂಡು ಕೂತವರು ಓದಿಕೊಳ್ಳುತ್ತಾರೆ.